ಯಂತ್ರದ ಕಣ್ಣಿಗೆ ಮಂಕುಬೂದಿ

ಉತ್ತರ ಪತ್ರಿಕೆ ತಿದ್ದಿ ಬಂದ ಮೇಷ್ಟ್ರುಗಳು ನಾಲ್ಕು ಜನ ಒಂದೆಡೆ ಕೂತರೆ ಕತೆಗಳಿಗೆ ಬರವಿರುವುದಿಲ್ಲ. ಮೊದಲ ಪುಟದ ನೆತ್ತಿಯಲ್ಲಿ ಗಣೇಶನಿಗೊಂದು ನಮಸ್ಕಾರ, ಕೊನೆಯ ಪುಟದ ಅಡಿಯಲ್ಲಿ ತಿದ್ದುವವರಿಗೊಂದು ನಮಸ್ಕಾರ. ನಡುವೆ ಎಲ್ಲೋ ಒಂದು ಕಡೆ, ‘ಸ್ವಾಮಿ, ಇದು ನನ್ನ ಮೂರನೆಯ ಸಲ, ಈ ಬಾರಿಯೂ ಕೈಬಿಟ್ಟರೆ ಅಪ್ಪ ಓದು ಬಿಡಿಸುತ್ತಾರೆ’ ಎಂಬ ಅಳಲು. ಕೆಲವರದು ಇನ್ನೂ ನೇರವಾದ ವ್ಯವಹಾರ: ಹಾಳೆಗಳ ನಡುವೆ ಗುಂಡುಸೂಜಿ ಚುಚ್ಚಿ ಇಟ್ಟ ನೂರರ ನೋಟು. ಉತ್ತರ ತಿಳಿಯದ ಪ್ರಶ್ನೆಗೆ ತಾವು ನೋಡಿದ ಸಿನಿಮಾದ ಕತೆ ಬರೆದು ಪುಟ ತುಂಬಿಸುವವರೂ ಉಂಟು. ಅವಸರದಲ್ಲಿರುವ ಮೇಷ್ಟ್ರು ಓದದೆ ಬರೀ ಉದ್ದ ನೋಡಿ ಅಂಕ ಕೊಟ್ಟಾರು ಎಂಬ ಆಸೆ.

ಈ ಎಲ್ಲ ಉಪಾಯಗಳ ಬುಡದಲ್ಲಿರುವುದು ಒಂದೇ ನಂಬಿಕೆ. ಹಾಳೆಯ ಆ ತುದಿಯಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ. ಮನುಷ್ಯನೆಂದ ಮೇಲೆ ಅವನಿಗೆ ಕರುಣೆ ಇದೆ, ದಣಿವಿದೆ, ಆಸೆ ಇದೆ, ಮರೆವಿದೆ. ಇವುಗಳಲ್ಲಿ ಯಾವುದಾದರೂ ಒಂದು ಬಾಗಿಲು ತೆರೆದೀತು.

ಆ ತುದಿಯಲ್ಲಿ ಮನುಷ್ಯನ ಬದಲು ಯಂತ್ರವೇ ಕುಳಿತರೆ? ವೈದ್ಯಕೀಯ ಸೀಟಿಗೆ, ಎಂಜಿನಿಯರಿಂಗ್ ಸೀಟಿಗೆ, ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ, ಗ್ರಾಮ ಆಡಳಿತ ಅಧಿಕಾರಿಯ ಹುದ್ದೆಗೆ ಪರೀಕ್ಷೆ ಬರೆದ ನಮ್ಮ ಮಕ್ಕಳಿಗೆಲ್ಲ ಆ ಹಾಳೆಯ ಪರಿಚಯವಿದೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ನಾಲ್ಕು ಪುಟ್ಟ ವೃತ್ತ. ಸರಿ ಎನಿಸಿದ ವೃತ್ತವನ್ನು ತುಂಬಿ ಕಪ್ಪು ಮಾಡಬೇಕು. ಓ.ಎಂ.ಆರ್. ಹಾಳೆ ಎಂದು ಅದರ ಹೆಸರು. ಅದನ್ನು ತಿದ್ದುವ ಯಂತ್ರಕ್ಕೆ ಗಣೇಶನೂ ಗೊತ್ತಿಲ್ಲ, ಗಾಂಧೀಜಿಯ ಚಿತ್ರವಿರುವ ನೋಟೂ ಗೊತ್ತಿಲ್ಲ. ಆದರೂ ವಿದ್ಯಾರ್ಥಿಗಳು ಸೋಲೊಪ್ಪಿಕೊಂಡಿಲ್ಲ. ಯಂತ್ರಕ್ಕೇ ಮಂಕುಬೂದಿ ಎರಚಲು ಹೊರಟಿದ್ದಾರೆ.

ತುಟಿಯ ಮುಲಾಮಿನ ಮಹಿಮೆ

ಈ ವಿದ್ಯೆಯ ತವರು ಅಮೆರಿಕ. ಅಲ್ಲಿನ ಶಾಲೆ ಕಾಲೇಜುಗಳಲ್ಲಿ ‘ಸ್ಕ್ಯಾನ್‌ಟ್ರಾನ್’ ಎಂಬ ಹೆಸರು ನಮ್ಮಲ್ಲಿ ಡಾಲ್ಡಾ ಎಂಬ ಹೆಸರಿದ್ದಂತೆ. ಕಂಪನಿಯ ಹೆಸರೇ ಸರಕಿನ ಹೆಸರಾಗಿಬಿಟ್ಟಿದೆ. ಮೈಕೆಲ್ ಸೊಕೋಲ್‌ಸ್ಕಿ ಎಂಬಾತ 1972ರಲ್ಲಿ ಕಟ್ಟಿದ ಈ ಕಂಪನಿ, ಮೇಜಿನ ಮೇಲೆ ಇಡಬಹುದಾದ ಚಿಕ್ಕ ಯಂತ್ರವನ್ನು ಶಾಲೆಗಳಿಗೆ ಒದಗಿಸಿ, ಅದಕ್ಕೆ ಬೇಕಾದ ಹಾಳೆಗಳನ್ನು ಮಾರಿ ಬೆಳೆಯಿತು. ಮೇಷ್ಟ್ರು ತರಗತಿಯಲ್ಲೇ ಹಾಳೆಗಳನ್ನು ಒಂದೊಂದಾಗಿ ಯಂತ್ರದ ಬಾಯಿಗೆ ಕೊಡುತ್ತಾರೆ. ತಪ್ಪು ಉತ್ತರ ಕಂಡಾಗಲೆಲ್ಲ ಯಂತ್ರ ಟಕ್ಕೆಂದು ಆ ಸಾಲಿನ ಪಕ್ಕದಲ್ಲಿ ಒಂದು ಗುರುತು ಒತ್ತುತ್ತದೆ. ಯಾರ ಹಾಳೆಗೆ ಎಷ್ಟು ಟಕ್ ಎಂದು ಇಡೀ ತರಗತಿ ಕಿವಿಗೊಟ್ಟು ಕೇಳುತ್ತದೆ.

ಆ ಮಕ್ಕಳಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಹರಿದಾಡುವ ಒಂದು ಗುಟ್ಟಿದೆ. ಚಳಿಗಾಲದಲ್ಲಿ ತುಟಿ ಒಡೆಯದಂತೆ ಹಚ್ಚುವ ಮೇಣದಂಥ ಮುಲಾಮನ್ನು ಹಾಳೆಯ ಅಂಚಿನಲ್ಲಿರುವ ಕಪ್ಪು ಗೀಟುಗಳ ಮೇಲೆ ತೆಳ್ಳಗೆ ಸವರಬೇಕು. ಸವರಿದರೆ ನೂರಕ್ಕೆ ನೂರು. ಹೀಗೆ ಅಂಕ ಗಿಟ್ಟಿಸಿದವನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಪ್ರತಿಯೊಬ್ಬನ ಅಣ್ಣನ ಗೆಳೆಯನಿಗೂ ಹಾಗೆ ಅಂಕ ಬಂದಿರುತ್ತದೆ.

ಇದು ಬರೀ ಮೂಢನಂಬಿಕೆಯೇನಲ್ಲ, ಇದರ ಹಿಂದೆ ಒಂದು ತರ್ಕವಿದೆ. ಓ.ಎಂ.ಆರ್. ಹಾಳೆಯ ಒಂದು ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಏಣಿಯ ಮೆಟ್ಟಿಲುಗಳಂತೆ ಕಪ್ಪು ಗೀಟುಗಳಿರುವುದನ್ನು ನೀವು ಗಮನಿಸಿರಬಹುದು. ಯಂತ್ರಕ್ಕೆ ಅವು ತಾಳ ಇದ್ದ ಹಾಗೆ. ಉರುಳೆಗಳ ನಡುವೆ ಸಿಕ್ಕಿ ಹಾಳೆ ಸರಿಯುತ್ತಿರುವಾಗ ಒಂದೊಂದು ಗೀಟು ಬೆಳಕಿನ ಕಣ್ಣಿನ ಕೆಳಗೆ ಬಂದಾಗಲೂ ‘ಈಗ ಒಂದು ಸಾಲು ಬಂತು, ಓದು’ ಎಂದು ಯಂತ್ರಕ್ಕೆ ಸೂಚನೆ ಸಿಗುತ್ತದೆ. ಆ ಕ್ಷಣದಲ್ಲಿ ಅದು ಆ ಸಾಲಿನ ವೃತ್ತಗಳ ಮೇಲೆ ಬೆಳಕು ಬೀರಿ, ಯಾವುದರಿಂದ ಬೆಳಕು ಕಡಿಮೆ ವಾಪಸು ಬಂತು ಎಂದು ಅಳೆಯುತ್ತದೆ. ಬಿಳಿಯ ಕಾಗದ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪಾದ ವೃತ್ತ ನುಂಗುತ್ತದೆ. ಮೇಷ್ಟ್ರು ಮೊದಲೇ ಒಳಗೆ ಬಿಟ್ಟ ಸರಿಯುತ್ತರದ ಹಾಳೆಯಲ್ಲಿ ಅದೇ ಜಾಗ ಕಪ್ಪಾಗಿದ್ದರೆ ಒಂದು ಅಂಕ. ಅಷ್ಟೇ ಅದರ ವಿದ್ಯೆ.

ಹುಡುಗರ ತರ್ಕ ಹೀಗೆ ಸಾಗುತ್ತದೆ: ಗೀಟು ಮುಚ್ಚಿದರೆ ಯಂತ್ರಕ್ಕೆ ಸಾಲು ಕಾಣದು, ಸಾಲು ಕಾಣದಿದ್ದರೆ ತಪ್ಪಿನ ಗುರುತು ಬೀಳದು, ತಪ್ಪಿನ ಗುರುತಿಲ್ಲದಿದ್ದರೆ ಎಲ್ಲವೂ ಸರಿ! ಕೇಳಲು ಚೆನ್ನಾಗಿದೆ. ಆದರೆ ಯಂತ್ರ ಎಣಿಸುವುದು ಸರಿಯುತ್ತರಗಳನ್ನು. ಕಾಣದ ಸಾಲಿಗೆ ಅಂಕವೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ತೆಳ್ಳಗಿನ ಮೇಣ ಸವರಿದ ಮಾತ್ರಕ್ಕೆ ಕಪ್ಪು ಗೀಟು ಬೆಳ್ಳಗಾಗುವುದಿಲ್ಲ. ಒಂದು ವೇಳೆ ಗೀಟುಗಳ ಲೆಕ್ಕ ತಪ್ಪಿದರೂ ಯಂತ್ರ ಆ ಹಾಳೆಯನ್ನು ಹೊರಗೆ ಉಗುಳುತ್ತದೆ. ಉಗುಳಿದ ಹಾಳೆ ನೇರವಾಗಿ ಮೇಷ್ಟ್ರ ಕೈಗೆ ಹೋಗುತ್ತದೆ. ಯಾರ ಕಣ್ಣು ತಪ್ಪಿಸಬೇಕಿತ್ತೋ ಅವರ ಕಣ್ಣಿನ ಕೆಳಗೇ, ಜಿಡ್ಡಿನ ಸಾಕ್ಷಿ ಸಮೇತ! ಉರುಳೆಗೆ ಅಂಟಿದ ಜಿಡ್ಡು ಹಿಂದೆ ಬರುವ ಹಾಳೆಗಳಿಗೂ ಮೆತ್ತಿಕೊಳ್ಳಬಹುದು. ನಷ್ಟ ಅನುಭವಿಸುವವನು ರಾತ್ರಿಯೆಲ್ಲ ಓದಿ ಬಂದ ಪಕ್ಕದ ಹುಡುಗ.

ಕೀಟಲೆಯಿಂದ ಹುಟ್ಟಿದ ಯಂತ್ರ

ಈ ಕಟುಕ ಯಂತ್ರ ನಮಗೆ ಏಕೆ ಬೇಕಾಯಿತು? ಕಾರಣ, ಮನುಷ್ಯನ ಮೌಲ್ಯಮಾಪನ ನಂಬುವಂತಿರಲಿಲ್ಲ. 1912-13ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಸರಳ ಪ್ರಯೋಗ ಮಾಡಿದರು. ಒಬ್ಬನೇ ವಿದ್ಯಾರ್ಥಿ ಬರೆದ ಒಂದೇ ಉತ್ತರ ಪತ್ರಿಕೆಯ ಪ್ರತಿಗಳನ್ನು ನೂರಾರು ಶಾಲೆಗಳ ಶಿಕ್ಷಕರಿಗೆ ಕಳಿಸಿ ಅಂಕ ಹಾಕಲು ಹೇಳಿದರು. ಇಂಗ್ಲಿಷ್ ಪತ್ರಿಕೆಯಲ್ಲಿ ವ್ಯತ್ಯಾಸ ಬಂದುದು ಆಶ್ಚರ್ಯವಲ್ಲ. ಎರಡು ಎರಡು ನಾಲ್ಕೇ ಆಗಬೇಕಾದ ರೇಖಾಗಣಿತದಲ್ಲೂ ಒಬ್ಬರು ನೂರಕ್ಕೆ 28 ಕೊಟ್ಟರೆ ಮತ್ತೊಬ್ಬರು 90ಕ್ಕೂ ಹೆಚ್ಚು ಕೊಟ್ಟಿದ್ದರು. ಒಂದೇ ಪತ್ರಿಕೆ ಒಂದೂರಿನಲ್ಲಿ ಫೇಲು, ಪಕ್ಕದೂರಿನಲ್ಲಿ ಪ್ರಥಮ ದರ್ಜೆ.

ಅದೇ ಸುಮಾರಿಗೆ ಕ್ಯಾನ್ಸಸ್ ರಾಜ್ಯದ ಶಿಕ್ಷಕರ ಕಾಲೇಜಿನಲ್ಲಿದ್ದ ಫ್ರೆಡರಿಕ್ ಕೆಲ್ಲಿ ಎಂಬಾತ ಮಕ್ಕಳ ಓದನ್ನು ಅಳೆಯಲು ಹೊಸ ಬಗೆಯ ಪರೀಕ್ಷೆಯೊಂದನ್ನು ರೂಪಿಸಿದ. ಹಸು, ಹುಲಿ, ಇಲಿ, ತೋಳ ಈ ನಾಲ್ಕರಲ್ಲಿ ಹೊಲಮನೆಗೆ ಉಪಯೋಗವಾಗುವ ಪ್ರಾಣಿಯ ಸುತ್ತ ಗೆರೆ ಎಳೆಯಬೇಕು. ತಿದ್ದುವವರು ಯಾರೇ ಆಗಲಿ, ಅವರ ಮನಸ್ಸು ಹೇಗೇ ಇರಲಿ, ಅಂಕ ಒಂದೇ. ಬಹು ಆಯ್ಕೆ ಪ್ರಶ್ನೆಯ ವಂಶವೃಕ್ಷದ ಬೇರು ಇಲ್ಲಿದೆ. ಮೊದಲ ಮಹಾಯುದ್ಧ ಈ ಸಸಿಗೆ ನೀರೆರೆಯಿತು. 1917-18ರಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಸೈನಿಕರ ಬುದ್ಧಿಯನ್ನು ಪರೀಕ್ಷೆಗಳಿಂದ ಅಳೆಯಿತು. ಓದುಬರಹ ಬಲ್ಲವರಿಗೆ ಕೊಟ್ಟದ್ದು ಇದೇ ಬಗೆಯ ಪ್ರಶ್ನೆಗಳನ್ನು. ಆಗ ತಿದ್ದುತ್ತಿದ್ದವರು ಗುಮಾಸ್ತರು. ಸರಿಯುತ್ತರದ ಜಾಗದಲ್ಲಿ ತೂತು ಕೊರೆದ ರಟ್ಟನ್ನು ಹಾಳೆಯ ಮೇಲಿಟ್ಟು ಎಣಿಸುತ್ತಿದ್ದರು.

ಆ ಗುಮಾಸ್ತನ ಜಾಗಕ್ಕೆ ಯಂತ್ರ ತಂದವನು ರೆನಾಲ್ಡ್ ಜಾನ್ಸನ್. ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇವನ ಹುಡುಗಾಟದ ಕತೆ ಸ್ವಾರಸ್ಯವಾಗಿದೆ. ಅಕ್ಕಂದಿರನ್ನು ನೋಡಲು ಕಾರಿನಲ್ಲಿ ಬರುತ್ತಿದ್ದ ಹುಡುಗರಿಗೆ ಕೀಟಲೆ ಕೊಡಲು ಈತ ಅವರ ಕಾರುಗಳ ಸ್ಪಾರ್ಕ್ ಪ್ಲಗ್ಗಿನ ಮೇಲೆ ಸೀಸದ ಕಡ್ಡಿಯಿಂದ ಗೀಚಿಬಿಡುತ್ತಿದ್ದ. ಸೀಸದ ಕಡ್ಡಿ ಎಂದು ಕರೆದರೂ ಪೆನ್ಸಿಲಿನೊಳಗಿರುವುದು ಗ್ರಾಫೈಟ್, ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಕಿಡಿಯಾಗಬೇಕಿದ್ದ ವಿದ್ಯುತ್ತು ಗೀಚಿನ ಮೇಲೆ ಹರಿದುಹೋಗಿ ಕಾರು ಹೊರಡುತ್ತಲೇ ಇರಲಿಲ್ಲ.

ಮೇಷ್ಟ್ರಾದ ಮೇಲೆ ಉತ್ತರ ಪತ್ರಿಕೆಗಳ ರಾಶಿಯ ಮುಂದೆ ಕುಳಿತ ಜಾನ್ಸನ್‌ಗೆ ಆ ಕೀಟಲೆ ನೆನಪಾಯಿತು. ಪೆನ್ಸಿಲಿನ ಗುರುತು ವಿದ್ಯುತ್ತಿಗೆ ದಾರಿಯಾಗುವುದಾದರೆ, ಸರಿಯಾದ ಜಾಗದಲ್ಲಿ ಗುರುತಿದೆಯೇ ಇಲ್ಲವೇ ಎಂಬುದನ್ನು ವಿದ್ಯುತ್ತೇ ಹೇಳಬಲ್ಲದಲ್ಲವೆ? ತೊಡಕೊಂದಿತ್ತು. ಕೆಲವರ ಗುರುತು ಗಾಢ, ಕೆಲವರದು ತೆಳು. ಗಾಢ ಗುರುತಿಗೆ ಹೆಚ್ಚು ಅಂಕ ಬಂದುಬಿಟ್ಟರೆ ಅದು ಪರೀಕ್ಷೆಯಲ್ಲ, ಪೆನ್ಸಿಲ್ ಒತ್ತುವ ಸ್ಪರ್ಧೆ. ದಾರಿಯಲ್ಲಿ ದೊಡ್ಡ ವಿದ್ಯುತ್ ತಡೆಗಳನ್ನು ಸೇರಿಸಿ, ಗುರುತು ಗುರುತಿನ ನಡುವಿನ ಸಣ್ಣ ವ್ಯತ್ಯಾಸ ಲೆಕ್ಕಕ್ಕೇ ಬರದಂತೆ ಆತ ಮಾಡಿದ. ಐ.ಬಿ.ಎಂ. ಕಂಪನಿ 1934ರಲ್ಲಿ ಅವನನ್ನು ಕೆಲಸಕ್ಕೆ ಸೇರಿಸಿಕೊಂಡಿತು. 1938ರ ಹೊತ್ತಿಗೆ ‘ಐ.ಬಿ.ಎಂ. 805’ ಮಾರುಕಟ್ಟೆಗೆ ಬಂತು. ಪಳಗಿದ ಕೈಯಾದರೆ ಗಂಟೆಗೆ ಸುಮಾರು 800 ಹಾಳೆ. ಒಟ್ಟು ಅಂಕವನ್ನು ತೋರಿಸುತ್ತಿದ್ದುದು ಮೀಟರಿನ ಮುಳ್ಳು. ಇದೇ ಜಾನ್ಸನ್ ಮುಂದೆ 1956ರಲ್ಲಿ ಕಂಪ್ಯೂಟರಿನ ಮೊದಲ ಡಿಸ್ಕ್ ಸಂಗ್ರಾಹಕವನ್ನು ತಯಾರಿಸಿದ ತಂಡದ ಮುಖಂಡನೂ ಹೌದು.

ವಿದ್ಯುತ್ತಿನ ಬದಲು ಬೆಳಕಿನಿಂದ ಓದುವ ಯಂತ್ರವನ್ನು 1955ರ ಸುಮಾರಿಗೆ ಅಯೋವಾ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ ರೂಪಿಸಿದರು. ನಮ್ಮ ಮಕ್ಕಳು ಎದುರಿಸುವುದು ಅದರ ಮೊಮ್ಮಕ್ಕಳನ್ನು. ಎಷ್ಟೋ ಹಾಳೆಗಳಲ್ಲಿ ವೃತ್ತಗಳನ್ನು ತಿಳಿಗೆಂಪಿನಲ್ಲಿ ಅಚ್ಚು ಹಾಕಿರುವುದರ ಗುಟ್ಟೂ ಬೆಳಕಿನದೇ. ಕೆಂಪು ಬೆಳಕಿನಲ್ಲಿ ನೋಡುವ ಯಂತ್ರಕ್ಕೆ ಕೆಂಪು ಗೆರೆಗಳು ಕಾಣುವುದೇ ಇಲ್ಲ, ನಾವು ತುಂಬಿದ ಕಪ್ಪಷ್ಟೇ ಕಾಣುತ್ತದೆ.

ಕಣ್ಣುಮುಚ್ಚಿ ಬೆರಳಿಟ್ಟರೆ

ಮುಲಾಮಿನದಷ್ಟೇ ಅಲ್ಲ, ಇನ್ನೂ ಹಲವು ಉಪಾಯಗಳಿವೆ. ಅವುಗಳಲ್ಲಿ ಅತಿ ಹಳೆಯದು, ಇರುವ ವೃತ್ತಗಳನ್ನೆಲ್ಲ ತುಂಬಿಬಿಡುವುದು. ಸರಿಯುತ್ತರವೂ ಅದರಲ್ಲಿ ಸೇರಿರುತ್ತದಲ್ಲ! ಐ.ಬಿ.ಎಂ. ಯಂತ್ರ ಇದಕ್ಕೆ ಆಗಲೇ ಮದ್ದು ಇಟ್ಟುಕೊಂಡಿತ್ತು. ಸರಿ ಗುರುತುಗಳಿಂದ ತಪ್ಪು ಗುರುತುಗಳ ಪಾಲನ್ನು ಕಳೆದು ತೋರಿಸಬಲ್ಲ ಸೌಕರ್ಯ ಅದರಲ್ಲಿತ್ತು. ಈಗಿನ ಯಂತ್ರಗಳಂತೂ ಒಂದು ಸಾಲಿನಲ್ಲಿ ಎರಡು ವೃತ್ತ ಕಪ್ಪಾಗಿದ್ದರೆ ಆ ಪ್ರಶ್ನೆಗೆ ಸೊನ್ನೆ ಸುತ್ತುತ್ತವೆ, ಇಲ್ಲವೆ ತಪ್ಪೆಂದು ಎಣಿಸುತ್ತವೆ. ಎರಡರ ನಡುವೆ ಮನಸ್ಸು ತೂಗಾಡಿದವನು ಎರಡನ್ನೂ ಅರ್ಧರ್ಧ ತುಂಬಿದರೆ, ಯಂತ್ರ ಗಾಢವಾದುದನ್ನು ಹಿಡಿದೀತು, ಇಲ್ಲವೆ ಎರಡನ್ನೂ ಬಿಟ್ಟೀತು. ಸಂಶಯದ ಲಾಭ ಆರೋಪಿಗೆ ಎಂಬ ನ್ಯಾಯ ಅದಕ್ಕೆ ತಿಳಿಯದು.

ಇನ್ನೊಂದು ಉಪಾಯ, ಎಲ್ಲ ಪ್ರಶ್ನೆಗೂ ಮೂರನೆಯ ಉತ್ತರವನ್ನೇ ತುಂಬುವುದು. ಮೂರನೆಯದರಲ್ಲಿ ಏನೋ ವಿಶೇಷವಿದೆ ಎಂಬುದು ಹಲವು ದೇಶಗಳ ವಿದ್ಯಾರ್ಥಿಗಳ ನಂಬಿಕೆ. ಲೆಕ್ಕ ಹಾಕಿ ನೋಡೋಣ. ನಮ್ಮ ಸಿ.ಇ.ಟಿ.ಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, ತಪ್ಪಿಗೆ ಕಡಿತವಿಲ್ಲ. ಕಣ್ಣುಮುಚ್ಚಿ ಬೆರಳಿಟ್ಟರೂ, ಎಲ್ಲಕ್ಕೂ ಮೂರನೆಯದನ್ನೇ ತುಂಬಿದರೂ ಸರಾಸರಿ ಸಿಗುವುದು ನಾಲ್ಕರಲ್ಲೊಂದು, ಅಂದರೆ 15. ನೀಟ್ ಪರೀಕ್ಷೆಯ ಲೆಕ್ಕ ಬೇರೆ. 180 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಕುರುಡು ಬೆರಳಿಗೆ 45 ಸರಿ ಬಂದು 180 ಅಂಕ ಸೇರಿದರೆ, 135 ತಪ್ಪಿಗೆ 135 ಅಂಕ ಕಳೆದು ಉಳಿಯುವುದು 720ಕ್ಕೆ ಬರೀ 45. ಪೂರ್ತಿ ಸೊನ್ನೆಯಲ್ಲ ನಿಜ. ಆದರೆ ಸೀಟು ಸಿಗುವ ದೂರಕ್ಕೆ ಈ ಕುದುರೆ ಓಡುವುದಿಲ್ಲ.

ಹಾಗಾದರೆ ಪಕ್ಕದವನ ಹಾಳೆಯೇ ಗತಿ. ಚೀಟಿ ಒಯ್ದು ಕಾಪಿ ಹೊಡೆಯುವುದಕ್ಕಿಂತ ಇದು ಸುಲಭ. ಪುಟಗಟ್ಟಲೆ ಓದಬೇಕಿಲ್ಲ, ಕಪ್ಪು ಚುಕ್ಕೆಯ ಜಾಗ ಕಂಡರೆ ಸಾಕು. ಅದಕ್ಕಾಗಿಯೇ ಪ್ರಶ್ನೆಗಳ ಕ್ರಮವನ್ನು ಅದಲುಬದಲು ಮಾಡಿ ನಾಲ್ಕಾರು ಬಗೆಯ ಪ್ರಶ್ನೆಪತ್ರಿಕೆ ಹಂಚುವುದು. ಅದನ್ನು ಗಮನಿಸದೆ ಪಕ್ಕದವನ ಚುಕ್ಕೆಗಳನ್ನು ನಿಷ್ಠೆಯಿಂದ ನಕಲು ಮಾಡಿದವನು, ಕಣ್ಣುಮುಚ್ಚಿ ಬರೆದವನ ಮಟ್ಟದಲ್ಲೇ ಉಳಿಯುತ್ತಾನೆ.

ಒಂದೇ ಬಗೆಯ ಪತ್ರಿಕೆಯಾಗಿದ್ದರೂ ನಕಲು ಗುಟ್ಟಾಗಿ ಉಳಿಯದು. ಇಬ್ಬರು ಜಾಣರ ಸರಿಯುತ್ತರಗಳು ಒಂದೇ ಆಗಿರುವುದು ಸಹಜ, ಸರಿಯುತ್ತರ ಇರುವುದೇ ಒಂದು. ತಪ್ಪಲು ಮಾತ್ರ ಮೂರು ದಾರಿಗಳಿವೆ. ಅಕ್ಕಪಕ್ಕ ಕುಳಿತ ಇಬ್ಬರೂ ಹತ್ತು ಪ್ರಶ್ನೆಗಳಲ್ಲಿ ತಪ್ಪಿ, ಹತ್ತರಲ್ಲೂ ಅದೇ ತಪ್ಪು ದಾರಿ ಹಿಡಿದಿದ್ದರೆ? ಮೂರು ದಾರಿಗಳೂ ಸಮಾನ ಎಂದಿಟ್ಟುಕೊಂಡರೆ, ಹಾಗಾಗುವ ಸಂಭವ 59,049ರಲ್ಲಿ ಒಂದು. ಎಲ್ಲರನ್ನೂ ಎಡವಿಸುವ ಕೆಲವು ಪ್ರಶ್ನೆಗಳಿರುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ಆದರೂ ಹಾದಿ ಇದೇ. ಚಾರ್ಲ್ಸ್ ಬರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1927ರಲ್ಲೇ, ಯಂತ್ರ ಬರುವುದಕ್ಕೂ ಮುಂಚೆ, ಸಮಾನ ತಪ್ಪುಗಳಿಂದ ನಕಲು ಪತ್ತೆಹಚ್ಚುವ ಬಗೆಯನ್ನು ಬರೆದಿದ್ದ. ಕಳ್ಳನನ್ನು ಹಿಡಿದುಕೊಡುವುದು ಅವನು ಕದ್ದ ಚಿನ್ನವಲ್ಲ, ಚಿನ್ನದ ಜೊತೆಗೆ ಎತ್ತಿಕೊಂಡು ಬಂದ ಹಿತ್ತಾಳೆ.

ರಂಗೋಲಿಯ ಕೆಳಗೆ

ಅಧಿಕಾರಿಗಳು ಚಾಪೆ ಹಾಸಿದರೆ ಕಳ್ಳರು ಅದರ ಕೆಳಗೆ ನುಸುಳಿದರು. ಚಾಪೆ ತೆಗೆದು ರಂಗೋಲಿ ಹಾಕಿದರೆ ರಂಗೋಲಿಯ ಕೆಳಗೂ ನುಸುಳಿದರು. ಆದರೆ ಇಲ್ಲಿಂದಾಚೆಗೆ ಕತೆಯ ನಾಯಕ ಮುಲಾಮು ಹಚ್ಚುವ ಹುಡುಗನಲ್ಲ. ಯಂತ್ರದ ಕಣ್ಣು ಕಟ್ಟಲಾಗದು ಎಂದು ತಿಳಿದ ಚತುರರು ಯಂತ್ರದ ತಂಟೆಗೇ ಹೋಗಲಿಲ್ಲ. ಸರಿಯುತ್ತರವನ್ನೇ ಮೊದಲು ತಿಳಿದುಕೊಂಡರೆ ಯಂತ್ರವೇ ತಮ್ಮ ಸಾಕ್ಷಿಯಾಗುತ್ತದೆ ಎಂಬುದು ಅವರಿಗೆ ಹೊಳೆಯಿತು.

1996ರಲ್ಲಿ ಅಮೆರಿಕದಲ್ಲಿ ಬಯಲಾದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ನ್ಯೂಯಾರ್ಕಿನಲ್ಲಿ ಬೆಳಗಾದ ಮೂರು ಗಂಟೆಯ ನಂತರ ಲಾಸ್ ಏಂಜಲೀಸಿನಲ್ಲಿ ಬೆಳಗಾಗುತ್ತದೆ. ನ್ಯೂಯಾರ್ಕಿನಲ್ಲಿ ಕೆಲವು ಜಾಣರನ್ನು ಪರೀಕ್ಷೆಗೆ ಕೂರಿಸಿ, ಅವರು ನೆನಪಿಟ್ಟುಕೊಂಡು ಬಂದ ಉತ್ತರಗಳನ್ನು ಫೋನಿನಲ್ಲಿ ಲಾಸ್ ಏಂಜಲೀಸಿಗೆ ಮುಟ್ಟಿಸಲಾಗುತ್ತಿತ್ತು. ಅಲ್ಲಿ ಅವನ್ನು ಗುಪ್ತಲಿಪಿಯಲ್ಲಿ ಪೆನ್ಸಿಲುಗಳ ಮೈಮೇಲೆ ಕೆತ್ತಿ, ಹಣ ಕೊಟ್ಟವರ ಕೈಗಿಡುತ್ತಿದ್ದರು. ಪರೀಕ್ಷೆಗೆ ಪೆನ್ಸಿಲ್ ತರಬೇಡಿ ಎಂದು ಹೇಳುವವರು ಯಾರು?

ನಮ್ಮಲ್ಲಿ ಪೆನ್ಸಿಲಿನ ಕೆಲಸವನ್ನು ಬನಿಯನ್ನು ಮಾಡಿತು. 2015ರ ಮೇ 3ರಂದು ನಡೆದ ಅಖಿಲ ಭಾರತ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ, ಸಿಮ್ ಕಾರ್ಡು ಮತ್ತು ಬ್ಲೂಟೂತ್ ಸಾಧನ ಹೊಲಿದ ಒಳ ಅಂಗಿಗಳ ಮೂಲಕ ಉತ್ತರಗಳನ್ನು ರವಾನಿಸಿದ ಜಾಲವನ್ನು ಹರಿಯಾಣದ ರೋಹ್ತಕ್ ಪೊಲೀಸರು ಹಿಡಿದರು. ಲಾಭ ಪಡೆದವರೆಂದು ಪೊಲೀಸರು ಗುರುತಿಸಿದ್ದು 44 ಜನರನ್ನು. ಪರೀಕ್ಷೆ ಬರೆದವರು ಆರು ಲಕ್ಷಕ್ಕೂ ಹೆಚ್ಚು. ಜೂನ್ 15ರಂದು ಸುಪ್ರೀಂ ಕೋರ್ಟು ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈ 25ರಂದು ಮರುಪರೀಕ್ಷೆ ನಡೆಯಿತು.

ಅಂದಿನಿಂದ ಪರೀಕ್ಷಾ ಕೇಂದ್ರದ ಬಾಗಿಲಿನಲ್ಲಿ ಅರ್ಧ ತೋಳಿನ ಅಂಗಿ, ಬೂಟಿನ ಬದಲು ಚಪ್ಪಲಿ, ಓಲೆ ಬಳೆಗಳ ತಪಾಸಣೆ. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಗಳ ಕೇಂದ್ರಗಳಲ್ಲಿ ಬ್ಲೂಟೂತ್ ಸಿಕ್ಕಿಬಿದ್ದ ಮೇಲೆ ನಮ್ಮ ರಾಜ್ಯದಲ್ಲೂ ತಪಾಸಣೆ ಬಿಗಿಯಾಯಿತು. 2025ರ ಸಿ.ಇ.ಟಿ.ಯಲ್ಲಿ ಜನಿವಾರ ತೆಗೆಯಲು ಹೇಳಿದ ಪ್ರಸಂಗಗಳು ಬೀದರ್, ಶಿವಮೊಗ್ಗಗಳಿಂದ ವರದಿಯಾಗಿ ದೊಡ್ಡ ವಿವಾದವೇ ಆಯಿತು. ಯಾರೋ ಮಾಡಿದ ಕಳ್ಳತನಕ್ಕೆ ಜೇಬು ತೋರಿಸಬೇಕಾದವನು ಪ್ರಾಮಾಣಿಕ ಹುಡುಗ.

ಬೇಲಿಯೇ ಹೊಲ ಮೇಯ್ದಾಗ

ಇಷ್ಟಾದರೂ ಉತ್ತರ ತುಂಬುತ್ತಿದ್ದವನು ಅಭ್ಯರ್ಥಿಯೇ. ಮಧ್ಯಪ್ರದೇಶದ ‘ವ್ಯಾಪಂ’ ಹಗರಣ 2013ರಲ್ಲಿ ಬಯಲಾದಾಗ ಅದೂ ಬೇಕಿಲ್ಲ ಎಂದು ತಿಳಿಯಿತು. ಅಲ್ಲಿ ಒಂದು ವಿಧಾನಕ್ಕೆ ‘ಇಂಜಿನ್-ಬೋಗಿ’ ಎಂದೇ ಹೆಸರು. ಓದಿನಲ್ಲಿ ಮುಂದಿರುವ ಒಬ್ಬ ಇಂಜಿನ್, ಆಸನಗಳ ಕ್ರಮವನ್ನು ತಿರುಚಿ ಅವನ ಅಕ್ಕಪಕ್ಕದಲ್ಲೇ ಕೂರಿಸಿದ ಅಭ್ಯರ್ಥಿಗಳು ಬೋಗಿಗಳು. ಇನ್ನೊಂದು ವಿಧಾನ ಇನ್ನೂ ನಿರಾಯಾಸ: ಅಭ್ಯರ್ಥಿ ಹಾಳೆಯನ್ನು ಖಾಲಿ ಬಿಟ್ಟು ಬರುವುದು, ಆಮೇಲೆ ಒಳಗಿನವರು ತುಂಬುವುದು. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು.

ಪಕ್ಕದ ಮನೆಯ ಬೆಂಕಿ ಎಂದುಕೊಂಡಿದ್ದ ನಮಗೆ ಅದು ನಮ್ಮ ಮನೆಯಲ್ಲೇ ಕಾಣಿಸಿಕೊಂಡದ್ದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆಯಲ್ಲಿ. 2021ರ ಅಕ್ಟೋಬರ್ 3ರಂದು 50 ಸಾವಿರಕ್ಕೂ ಹೆಚ್ಚು ಜನ ಬರೆದ ಪರೀಕ್ಷೆ ಅದು. ಮರುವರ್ಷ ಗುಟ್ಟು ಒಡೆದದ್ದು ಒಂದು ತೆಳು ಕಾಗದದಿಂದ. ಓ.ಎಂ.ಆರ್. ಹಾಳೆಯ ಜೊತೆಗೆ ಅಭ್ಯರ್ಥಿ ಮನೆಗೆ ಒಯ್ಯಲು ಒಂದು ಕಾರ್ಬನ್ ಪ್ರತಿ ಇರುತ್ತದೆ, ಮೇಲಿನ ಹಾಳೆಯಲ್ಲಿ ತುಂಬಿದ್ದೆಲ್ಲ ಅದರಲ್ಲೂ ಮೂಡುತ್ತದೆ. ಆಯ್ಕೆಯಾದ ಒಬ್ಬ ಅಭ್ಯರ್ಥಿಯ ಕಾರ್ಬನ್ ಪ್ರತಿಯಲ್ಲಿ ನೂರರಲ್ಲಿ 21 ಪ್ರಶ್ನೆಗಳಿಗಷ್ಟೇ ಉತ್ತರ ಮೂಡಿತ್ತು. ಬಂದ ಅಂಕ ಮಾತ್ರ ನೂರನ್ನು ದಾಟಿತ್ತು! ಕಲಬುರಗಿಯ ಕೇಂದ್ರವೊಂದರಲ್ಲಿ ಪರೀಕ್ಷೆ ಮುಗಿದ ಮೇಲೆ ಹಾಳೆಗಳನ್ನು ತುಂಬಲಾಗಿತ್ತು ಎಂಬುದು ಸಿ.ಐ.ಡಿ. ತನಿಖೆಯ ಆರೋಪ. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ 2022ರ ಜುಲೈನಲ್ಲಿ ಬಂಧನಕ್ಕೊಳಗಾದರು. ಕಳ್ಳರನ್ನು ಹಿಡಿಯುವವರನ್ನು ಆರಿಸುವ ಪರೀಕ್ಷೆ ಅದು ಎಂಬುದನ್ನು ಮರೆಯಬಾರದು.

ಶಿಕ್ಷಕರೂ ಇದಕ್ಕೆ ಹೊರತಲ್ಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮಕ್ಕಳ ಅಂಕ ಕಡಿಮೆಯಾದರೆ ಶಾಲೆಗೆ ಕೆಟ್ಟ ಹೆಸರು ಬರುತ್ತದೆಂದು ಶಿಕ್ಷಕರೇ ಹಾಳೆಗಳಲ್ಲಿನ ತಪ್ಪು ಉತ್ತರ ಅಳಿಸಿ ಸರಿಯುತ್ತರ ತುಂಬಿದ್ದರು. ಪೆನ್ಸಿಲಿನ ಗುರುತನ್ನು ಎಷ್ಟೇ ಉಜ್ಜಿದರೂ ತೆಳುವಾದ ನೆರಳು ಉಳಿಯುತ್ತದೆ, ಯಂತ್ರ ಆ ನೆರಳನ್ನೂ ಎಣಿಸಬಲ್ಲದು. ಮಕ್ಕಳು ತಿದ್ದಿಕೊಂಡರೆ ತಪ್ಪು ಸರಿಯಾಗುವುದೂ ಉಂಟು, ಸರಿ ತಪ್ಪಾಗುವುದೂ ಉಂಟು. ಇಡೀ ತರಗತಿಯ ಅಳಿಸುವಿಕೆಯೆಲ್ಲ ತಪ್ಪಿನಿಂದ ಸರಿಯ ಕಡೆಗೇ ಹೊರಳಿದ್ದರೆ ಅದು ಮಕ್ಕಳ ಕೈಯಲ್ಲ. 2011ರ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು, ಮುಖ್ಯೋಪಾಧ್ಯಾಯರತ್ತ ಬೆರಳು ತೋರಿತು. 2015ರಲ್ಲಿ ಹನ್ನೊಂದು ಜನರನ್ನು ನ್ಯಾಯಾಲಯ ತಪ್ಪಿತಸ್ಥರೆಂದು ಸಾರಿತು.

ಕಾಗದವೇ ಬೇಡ, ಕಂಪ್ಯೂಟರಿನ ಮೇಲೆಯೇ ಬರೆಯಲಿ ಎನ್ನುವವರಿದ್ದಾರೆ. ಎಂಜಿನಿಯರಿಂಗಿನ ಜೆ.ಇ.ಇ. ಮೇನ್ ಪರೀಕ್ಷೆ 2019ರಿಂದ ಹಾಗೆಯೇ ನಡೆದಿದೆ. 2021ರಲ್ಲಿ ಅದರ ಒಂದು ಕೇಂದ್ರದ ಕಂಪ್ಯೂಟರುಗಳನ್ನು ದೂರದಲ್ಲಿ ಕುಳಿತವರು ವಶಕ್ಕೆ ತೆಗೆದುಕೊಂಡು ಅಭ್ಯರ್ಥಿಗಳ ಪರವಾಗಿ ಉತ್ತರಿಸಿದರು ಎಂದು ಸಿ.ಬಿ.ಐ. ಮೊಕದ್ದಮೆ ಹೂಡಿತು. ಯಂತ್ರ ಬದಲಾಯಿತು, ಬಾಗಿಲು ತೆರೆದು ಕೊಟ್ಟವರು ಮತ್ತೆ ಮನುಷ್ಯರೇ.

2024ರ ಜೂನ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾನೂನು ಇದನ್ನು ಅರ್ಥಮಾಡಿಕೊಂಡಂತಿದೆ. ಪ್ರಶ್ನೆಪತ್ರಿಕೆ ಬಯಲು ಮಾಡುವ, ಓ.ಎಂ.ಆರ್. ಹಾಳೆ ತಿದ್ದುವ ಸಂಘಟಿತ ಗುಂಪುಗಳಿಗೆ ಹತ್ತು ವರ್ಷದವರೆಗೆ ಜೈಲು, ಕನಿಷ್ಠ ಒಂದು ಕೋಟಿ ರೂಪಾಯಿ ದಂಡ ಎಂದು ಅದು ಹೇಳುತ್ತದೆ. ಅದರ ಗುರಿ ಬೆಂಚಿನ ಮೇಲಿನ ಹುಡುಗನಲ್ಲ, ಅವನ ಬೆನ್ನ ಹಿಂದಿನ ವ್ಯಾಪಾರಿ.

ಮೊದಲಿಗೆ ಹೇಳಿದ, ಗುಂಡುಸೂಜಿ ಚುಚ್ಚಿದ ನೂರರ ನೋಟು ಕಾಣೆಯಾಗಿಲ್ಲ. ಯಂತ್ರ ಅದನ್ನು ಮುಟ್ಟದೆ ಇದ್ದುದರಿಂದ ಅದು ಯಂತ್ರವನ್ನು ಬಳಸಿಕೊಂಡು ಹೋಗಿ, ಭದ್ರತಾ ಕೊಠಡಿಯ ಬೀಗದ ಕೈ ಇಟ್ಟುಕೊಂಡವರನ್ನು ಹುಡುಕಿತು. ದಾರಿಯಲ್ಲಿ ಅದಕ್ಕೆ ಸೊನ್ನೆಗಳೂ ಕೂಡಿಕೊಂಡವು. ಒಂದು ನೋಟಿನಿಂದ ಒಬ್ಬ ಮೇಷ್ಟ್ರ ಮನಸ್ಸು ಕದಲಿದರೆ ಒಬ್ಬ ದಡ್ಡ ಪಾಸಾಗುತ್ತಿದ್ದ. ಬೀಗದ ಕೈ ಕದಲಿದರೆ ಸಾವಿರಾರು ಜನರ ವರ್ಷಗಳೇ ಹೋಗುತ್ತವೆ. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಯನ್ನು ಮತ್ತೆ ಬರೆಸಿದ್ದು 2024ರ ಜನವರಿ 23ರಂದು, ಎರಡು ವರ್ಷ ಮೂರು ತಿಂಗಳ ಮೇಲೆ. ಮೊದಲ ಸಲ ತಮ್ಮ ಸ್ವಂತ ತಲೆಯಿಂದಲೇ ಬರೆದು ಆಯ್ಕೆಯಾಗಿದ್ದವರೂ ಮತ್ತೆ ಅದೇ ಬೆಂಚಿನ ಮೇಲೆ ಕುಳಿತು ವೃತ್ತ ತುಂಬಬೇಕಾಯಿತು.

ನಿಮ್ಮ ಮನೆಯಲ್ಲಿ ಇಂಥ ಪರೀಕ್ಷೆಗೆ ಕೂರುವ ಮಕ್ಕಳಿದ್ದರೆ ಮುಲಾಮು, ಮೂರನೆಯ ಉತ್ತರ ಇತ್ಯಾದಿಗಳ ಬಗ್ಗೆ ಅವರಿಗೆ ನಕ್ಕು ಹೇಳಿ. ಪರೀಕ್ಷೆ ಮುಗಿಸಿ ಬಂದಾಗ ಅವರ ಕೈಯಲ್ಲಿರುವ ತೆಳುವಾದ ಕಾರ್ಬನ್ ಪ್ರತಿಯನ್ನು ಮಾತ್ರ ಇಸ್ಕೊಂಡು, ಮನೆಪತ್ರ ಇಡುವ ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಡಿ. ಆಮೇಲೆ ಯಾರು ಏನು ತುಂಬಿದರೂ, ನಿಮ್ಮ ಮಗು ಆ ದಿನ ತುಂಬಿದ್ದು ಇಷ್ಟು ಎಂದು ಹೇಳಲು ನಿಮ್ಮ ಬಳಿ ಇರುವುದು ಅದೊಂದೇ.